ಮಾತು ಉಳಿಯಿತು, ಅಕ್ಷರ?

ಡೊಂಬಿವಲಿಯಿಂದ ಠಾಣೆಗೆ ಒಂದು ಲೋಕಲ್, ಅಲ್ಲಿಂದ ಐರೋಲಿಗೆ ಇನ್ನೊಂದು. ಆಫೀಸಿಗೆ ಹೋಗುವ ಈ ದಾರಿಯಲ್ಲಿ ಕನ್ನಡ, ತುಳು, ಕೊಂಕಣಿ ಕಿವಿಗೆ ಬೀಳದ ದಿನವಿಲ್ಲ. ಆದರೆ ಕನ್ನಡ ಪತ್ರಿಕೆ ಹಿಡಿದವರು ಕಂಡರೆ ಅವರ ತಲೆ ನರೆತಿರುತ್ತದೆ.

ನಮ್ಮ ಮನೆಯಲ್ಲೂ ಹಾಗೆಯೇ. ಮಗಳು ಅಜ್ಜಿಯೊಡನೆ ಕನ್ನಡದಲ್ಲಿ ಜಗಳವಾಡುತ್ತಾಳೆ, ಬಿಲ್ಡಿಂಗಿನ ಗೆಳತಿಯರೊಡನೆ ಮರಾಠಿ, ಹಿಂದಿ, ಶಾಲೆಯಲ್ಲಿ ಇಂಗ್ಲಿಷ್. ಊರಿನಿಂದ ಬಂದ ಲಗ್ನಪತ್ರಿಕೆಯನ್ನು ಮಾತ್ರ ಅಜ್ಜಿಯೇ ಓದಿ ಹೇಳಬೇಕು.

2011ರ ಜನಗಣತಿಯಂತೆ ಮಹಾರಾಷ್ಟ್ರದಲ್ಲಿ ಕನ್ನಡ ನುಡಿಯುವವರು ಸುಮಾರು 10 ಲಕ್ಷ. ಸೊಲ್ಲಾಪುರ, ಸಾಂಗ್ಲಿಯಂಥ ಗಡಿ ಜಿಲ್ಲೆಗಳವರೂ ಇದರಲ್ಲಿದ್ದಾರೆ. ಮುಂಬೈ, ಠಾಣೆ, ಕಲ್ಯಾಣ, ನವಿಮುಂಬೈಗಳ ಕತೆ ಸ್ವಲ್ಪ ಬೇರೆ. ಇಲ್ಲಿಗೆ ಬಂದ ಕರಾವಳಿಯವರಲ್ಲಿ ಬಹಳ ಮಂದಿಯ ಮನೆಮಾತು ತುಳು ಅಥವಾ ಕೊಂಕಣಿ. ಅವರಿಗೆ ಕನ್ನಡ ದೊರೆತದ್ದು ಶಾಲೆಯಿಂದ, ಪತ್ರಿಕೆಯಿಂದ, ಯಕ್ಷಗಾನದಿಂದ. ಹಗಲು ಹೋಟೆಲಿನಲ್ಲಿ ದುಡಿದು ಕನ್ನಡ ರಾತ್ರಿಶಾಲೆಯಲ್ಲಿ ಕಲಿತ ಹಿರಿಯರು ಎಷ್ಟೋ ಜನ. ಮಕ್ಕಳು ಇಂಗ್ಲಿಷ್ ಶಾಲೆಗೆ ಹೋಗತೊಡಗಿದ ಮೇಲೆ ಅಂಥ ಮನೆಗಳಲ್ಲಿ ತುಳು ಉಳಿಯಿತು, ಕನ್ನಡ ಬಾಗಿಲಾಚೆಯೇ ನಿಂತಿತು. ಕನ್ನಡವೇ ಮನೆಮಾತಾದ ನಮ್ಮಂಥವರಲ್ಲಿ ಮಾತು ಉಳಿದು ಓದು ಹೋಯಿತು.

ಭಾಷಾವಿಜ್ಞಾನಿ ಜೋಶುವಾ ಫಿಶ್‌ಮನ್ 1991ರ ತಮ್ಮ ಪುಸ್ತಕದಲ್ಲಿ ಒತ್ತಿ ಹೇಳಿದ್ದು, ಭಾಷೆ ಉಳಿಯಬೇಕಾದರೆ ಅದು ಮನೆಯಲ್ಲಿ ಒಂದು ತಲೆಮಾರಿನಿಂದ ಮುಂದಿನದಕ್ಕೆ ದಾಟಬೇಕು ಎಂದು. ವರ್ಷಕ್ಕೊಮ್ಮೆ ರಾಜ್ಯೋತ್ಸವ ಮಾಡಿದರೆ ಈ ಕೆಲಸ ಆಗದು.

ಹಾಗಾದರೆ ಮರಾಠಿ ನಮಗೆ ಅಡ್ಡಿಯೇ? 2020ರ ಕಾಯ್ದೆಯಂತೆ ರಾಜ್ಯದ ಎಲ್ಲ ಶಾಲೆಗಳಲ್ಲೂ ಮರಾಠಿ ಕಡ್ಡಾಯ. ನನ್ನ ಲೆಕ್ಕದಲ್ಲಿ ಇದು ಅನುಕೂಲವೇ. ಎರಡೂ ಲಿಪಿಗಳ ಮೂಲ ಬ್ರಾಹ್ಮಿ. ಕ ಖ ಗ ಘ ಎಂಬ ವರ್ಗಗಳ ಸಾಲು ಒಂದೇ, ಕಾಗುಣಿತದ ಕ್ರಮವೂ ಹೆಚ್ಚುಕಡಿಮೆ ಒಂದೇ, ಮರಾಠಿಯಲ್ಲಿ ಳಕಾರವೂ ಇದೆ. ಹ್ರಸ್ವ ಎ, ಒ ಮಾತ್ರ ಹೊಸದು. ಮರಾಠಿ ಓದಬಲ್ಲ ಮಗುವಿಗೆ ಅಕ್ಷರದ ಆಕಾರ ಬದಲಾಗುತ್ತದೆ, ಗಣಿತ ಬದಲಾಗುವುದಿಲ್ಲ.

ಈಗ ರಾತ್ರಿ ಊಟದ ನಂತರ ನಮ್ಮಲ್ಲಿ ಹದಿನೈದು ನಿಮಿಷ ಕನ್ನಡ. ಪಠ್ಯಪುಸ್ತಕವಿಲ್ಲ; ಸಾಂಬಾರುಪುಡಿಯ ಪೊಟ್ಟಣ, ಸಿನಿಮಾ ಹೆಸರು, ಅಜ್ಜಿಯ ಅಡುಗೆ ಚೀಟಿಗಳೇ ಪಾಠ. ಸಂಘಗಳಲ್ಲಿರುವವರಿಗೂ ಒಂದು ಮಾತು: ಕಾರ್ಯಕ್ರಮದ ದಿನ ಸಭಾಂಗಣದ ಒಂದು ಮೂಲೆಯಲ್ಲಿ ಮಕ್ಕಳಿಗೆ ಅರ್ಧ ಗಂಟೆ ಅಕ್ಷರ ಕಲಿಸಿ. ಮನೆಯಲ್ಲಿ ಮಾತೃಭಾಷೆ ತುಳುವೋ ಕೊಂಕಣಿಯೋ ಆಗಿದ್ದರೆ ಅದನ್ನು ಬಿಡಬೇಡಿ. ಅದರ ಪಕ್ಕದಲ್ಲೇ ಕನ್ನಡಕ್ಕೂ ಒಂದು ಮಣೆ ಹಾಕಿ.