ಗಡಿಯಾಚೆಯ ಸಂಬಳದ ಪುಸ್ತಕ

ಹೊಟ್ಟೆಪಾಡಿಗಾಗಿ ಊರು ಬಿಟ್ಟ ನಮಗೆ ಯುರೋಪಿನ ಈ ಏರ್ಪಾಡು ಪರಕೀಯವೆನಿಸದು. ಅಲ್ಲಿ ಧಣಿಯ ಕಚೇರಿ ಒಂದು ದೇಶದಲ್ಲಿ, ಆಳಿನ ದುಡಿಮೆ ಮತ್ತೊಂದರಲ್ಲಿ ಇರುವುದುಂಟು. ಇಂಥವರಿಗೆ ದುಡಿವ ನೆಲದ ಕನಿಷ್ಠ ವೇತನ ಸಲ್ಲತಕ್ಕದ್ದೆಂದು 1996ರಲ್ಲಿಯೇ ಯುರೋಪಿಯನ್ ಒಕ್ಕೂಟವು ವಿಧಿಸಿತು. ಸಂಬಳದ ಪುಸ್ತಕವೇ ಗಡಿಯಾಚೆ ಇದ್ದರೆ ಇನ್‌ಸ್ಪೆಕ್ಟರನು ಮಾಡುವುದೇನು? 2014ರ ನಿರ್ದೇಶವು ಇದಕ್ಕೆ ದಾರಿ ತೋರಿತು. ಒಂದು ದೇಶದ ಅಧಿಕಾರಿಗಳು ಮತ್ತೊಂದು ದೇಶದವರನ್ನು ನೇರವಾಗಿ ವಿಚಾರಿಸಬಹುದು. ಕಂಪೆನಿ ಅಲ್ಲಿ ನಿಜವಾಗಿ ನೆಲೆಸಿದೆಯೇ ಎಂಬಂಥ ತುರ್ತು ಪ್ರಶ್ನೆಗೆ 2, ಉಳಿದವಕ್ಕೆ 25 ಕೆಲಸದ ದಿನಗಳೊಳಗೆ ಉತ್ತರ ಬರಬೇಕು. ದಂಡದ ವಸೂಲಿಗೂ ಧಣಿಯ ದೇಶ ನೆರವಾಗಬೇಕು. 2019ರಲ್ಲಿ ಹುಟ್ಟಿ, ಈಗ ಬ್ರಾಟಿಸ್ಲಾವಾ ನಗರದಲ್ಲಿ ನೆಲೆಗೊಂಡಿರುವ ಯುರೋಪಿಯನ್ ಕಾರ್ಮಿಕ ಪ್ರಾಧಿಕಾರವು ಜಂಟಿ ತಪಾಸಣೆಗಳನ್ನು ಹೊಂದಿಸಿಕೊಡುತ್ತದೆ. ಆದರೆ ಆಯಾ ದೇಶದ ಒಪ್ಪಿಗೆಯಿಲ್ಲದೆ ಅಲ್ಲಿ ಬಾಗಿಲು ತಟ್ಟುವಂತಿಲ್ಲ. ನಮಗೆ ಇದೇ ದೊಡ್ಡ ಕೊರತೆಯೆಂದು ತೋರುತ್ತದೆ: ಒಲ್ಲೆನೆನ್ನುವ ದೇಶ ಕಾರಣವನ್ನು ಬರೆದು ತಿಳಿಸಿದರೆ ತೀರಿತು.