ಪ್ರಹ್ಲಾದನಾಯಿತು, ಇನ್ನು ಪರಶುರಾಮನ ಸರದಿ

2025ನೆಯ ಇಸವಿ ಜುಲೈ 25ರಂದು ಬಿಡುಗಡೆಯಾದ ‘ಮಹಾವತಾರ್ ನರಸಿಂಹ’ವು 300 ಕೋಟಿ ರೂಪಾಯಿಗಳ ಗಳಿಕೆಯನ್ನು ಮೀರಿ, ಭಾರತದಲ್ಲಿ ತಯಾರಾದ ಅನಿಮೇಷನ್ ಚಿತ್ರಗಳಲ್ಲಿ ಅಗ್ರಸ್ಥಾನವನ್ನು ಪಡೆದ ಸಂಗತಿಯು ವಾಚಕರಿಗೆ ತಿಳಿದೇ ಇರುವುದು. ಕ್ಲೀಂ ಸಂಸ್ಥೆಯವರು ತಯಾರಿಸಿ, ಬೆಂಗಳೂರಿನ ಹೊಂಬಾಳೆ ಸಂಸ್ಥೆಯವರು ಅರ್ಪಿಸಿದ ಈ ಚಿತ್ರವು ಒಂದು ಮಾಲೆಯ ಮೊದಲನೆಯ ಮಣಿ. 2037ರವರೆಗೆ ಒಟ್ಟು ಏಳು ಚಿತ್ರಗಳನ್ನು ತರುವುದಾಗಿ ಅವರು 2025ರಲ್ಲಿಯೇ ಸಾರಿದ್ದಾರೆ. 2027ಕ್ಕೆಂದು ಗೊತ್ತುಪಡಿಸಿದ ಎರಡನೆಯದು ಪರಶುರಾಮನ ಕಥೆ. ಮೊದಲನೆಯದರ ಗುಣದೋಷಗಳನ್ನು ತೂಗಿ ನೋಡದೆ ಎರಡನೆಯದಕ್ಕೆ ಚಪ್ಪಾಳೆ ಸಿದ್ಧಮಾಡಿಕೊಳ್ಳುವುದು ವಿವೇಕವಲ್ಲ.

ಚಿತ್ರವನ್ನು ನಾವು ಶಿವಮೊಗ್ಗೆಯಲ್ಲಿ ನೋಡಿದೆವು. ಭದ್ರಾವತಿಯಿಂದ ಮನೆಮಂದಿಯೆಲ್ಲ ಬಂದಿದ್ದ ಒಂದು ಕುಟುಂಬವು ನಮ್ಮ ಸಾಲಿನಲ್ಲಿಯೇ ಕುಳಿತಿತ್ತು. ಕಂಬವು ಬಿರಿದು ಸಿಂಹಮುಖವು ತೋರಿದ ಗಳಿಗೆಯಲ್ಲಿ ಆ ಮನೆಯ ಅಜ್ಜಿಯು ಕೈಮುಗಿದಳು. ಆಕೆಯ ಮೊಮ್ಮಗನು ಎದ್ದು ನಿಂತೇಬಿಟ್ಟನು. ಕೆಲವು ಊರುಗಳಲ್ಲಿ ಜನರು ಪಾದರಕ್ಷೆಗಳನ್ನು ಹೊರಗೆ ಬಿಟ್ಟು ಚಿತ್ರಮಂದಿರವನ್ನು ಹೊಕ್ಕರೆಂಬ ವರದಿಗಳನ್ನು ಓದಿ ನಕ್ಕಿದ್ದ ನಾವು, ಆ ಗಳಿಗೆಯಲ್ಲಿ ನಗಲಿಲ್ಲವೆಂದು ಒಪ್ಪಿಕೊಳ್ಳಲೇಬೇಕು.

ಆ ಕೊನೆಯ ಭಾಗವೇ ಚಿತ್ರದ ನಿಜವಾದ ಬಲ. ಮನುಷ್ಯನಿಂದಲ್ಲ, ಮೃಗದಿಂದಲ್ಲ, ಹಗಲಲ್ಲ, ಇರುಳಲ್ಲ, ಒಳಗಲ್ಲ, ಹೊರಗಲ್ಲ ಎಂಬ ವರದ ಒಂದೊಂದು ಗಂಟನ್ನೂ ಬಿಚ್ಚುತ್ತ, ಸಂಜೆಯ ಹೊತ್ತಿನಲ್ಲಿ, ಹೊಸ್ತಿಲಿನ ಮೇಲೆ, ತೊಡೆಯ ಮೇಲಿಟ್ಟು, ಉಗುರಿನಿಂದ ಸೀಳುವವರೆಗಿನ ಕ್ರಮವು ಎಳೆಯ ಮಕ್ಕಳಿಗೂ ತಿಳಿಯುವಂತಿದೆ. ಮಾಂಸರಕ್ತಗಳ ನಟನು ಸಿಂಹದ ಮುಖವಾಡವನ್ನು ಧರಿಸಿದರೆ ಎಲ್ಲೋ ಒಂದೆಡೆ ವೇಷವು ವೇಷವಾಗಿಯೇ ಕಾಣುವುದು. ಇಲ್ಲಿ ಆ ತೊಡಕಿಲ್ಲ. ಸ್ಯಾಮ್ ಸಿ. ಎಸ್. ಅವರ ಸಂಗೀತವೂ ಈ ಭಾಗದಲ್ಲಿ ಚಿತ್ರವನ್ನು ಹೊತ್ತು ನಡೆದಿದೆ. ನಿರ್ದೇಶಕ ಅಶ್ವಿನ್ ಕುಮಾರರಿಗೆ ಇದು ಮೊದಲ ಚಿತ್ರವೆಂಬುದನ್ನು ನೆನೆದರೆ ಅವರ ಧೈರ್ಯವು ಸಾಮಾನ್ಯವಾದುದಲ್ಲ.

ಆದರೆ ಅಲ್ಲಿಯವರೆಗೆ? ಕಶ್ಯಪ-ದಿತಿಯರ ಪ್ರಸಂಗ, ಹಿರಣ್ಯಾಕ್ಷನ ಉಪಟಳ, ವರಾಹಾವತಾರ ಇವೆಲ್ಲ ಮುಗಿದ ಮೇಲಲ್ಲವೆ ಪ್ರಹ್ಲಾದನ ಪ್ರವೇಶ! ಬಂದ ಮೇಲಾದರೂ ಆ ಬಾಲಕನ ಮುಖದಲ್ಲಿ ಭಾವಗಳು ಮಿಡಿಯುವವೋ ಎಂದರೆ, ಮುಗುಳ್ನಗೆಯೊಂದನ್ನು ಅಂಟಿಸಿಟ್ಟಂತಿದೆ. ಒಂದಾದಮೇಲೊಂದು ಹಿಂಸೆಯು ಬರುವುದು, ಹೋಗುವುದು. ಹುಡುಗನು ನೋವುಂಡನೆಂದು ನಮಗೆ ಅನ್ನಿಸುವುದೇ ಇಲ್ಲ. ತಂದೆಯ ಮುಖವಂತೂ ಕೋಪವೊಂದನ್ನೇ ಕಲಿತಿದೆ. ಕೂದಲೆಳೆಗಳನ್ನೂ ಕಿರೀಟದ ಕುಸುರಿಯನ್ನೂ ಇಷ್ಟು ಶ್ರದ್ಧೆಯಿಂದ ಬರೆದ ಕೈಗಳು ಕಣ್ಣಿನ ವಿಷಯದಲ್ಲಿ ಏಕೆ ಸೋತವೋ ತಿಳಿಯದು.

ಇಲ್ಲಿ ಕನ್ನಡಿಗರಿಗೆ ಒಂದು ಅನನುಕೂಲವುಂಟು: ನಾವು 1983ರ ‘ಭಕ್ತ ಪ್ರಹ್ಲಾದ’ವನ್ನು ಕಂಡವರು. ಅದರಲ್ಲಿ ರಾಜಕುಮಾರರು ಹಿರಣ್ಯಕಶಿಪು. ಅವರ ಮಗನೇ ಆದ ಬಾಲಕ ಪುನೀತನು ಪ್ರಹ್ಲಾದ. ಮಗನನ್ನು ಮುದ್ದಿಸುವ ತೋಳುಗಳೇ ಅವನನ್ನು ಕೊಲ್ಲಲು ಆಜ್ಞೆಮಾಡುವಾಗ ಆ ದೈತ್ಯನಲ್ಲಿ ತಂದೆಯು ಸಾಯುವುದಿಲ್ಲ. ಕಥೆಯ ಸಂಕಟವೆಲ್ಲ ಅಲ್ಲಿಯೇ ಇದೆ. ಅಂದಿನ ಕಂಬವು ಬಣ್ಣ ಬಳಿದ ಕಂಬವೇ ಇರಬಹುದು, ಅಂದಿನ ಸಿಂಹವು ಇಂದಿನ ಮಕ್ಕಳಿಗೆ ನಗೆ ತರಬಹುದು. ಆದರೂ ಆ ತಂದೆಮಕ್ಕಳನ್ನು ಮರೆತವರಿಲ್ಲ.

ನಮ್ಮ ಸಾಲಿನಲ್ಲಿದ್ದ ಕುಟುಂಬಕ್ಕೆ ಇದನ್ನು ತಿಳಿಯಲು ಬಹುದೂರ ಹೋಗಬೇಕಾಗಿಲ್ಲ. ಹಿಂದೆ ಬೆಂಕಿಪುರವೆನ್ನಿಸಿಕೊಂಡು, ಈಚೆಗೆ ಕಬ್ಬಿಣದ ಕಾರ್ಖಾನೆಯಿಂದ ಹೆಸರಾದ ಅವರ ಊರಿನಲ್ಲಿಯೇ 13ನೆಯ ಶತಮಾನದ ಲಕ್ಷ್ಮೀನರಸಿಂಹ ದೇವಾಲಯವಿದೆ. ಹೊಯ್ಸಳರ ಶಿಲ್ಪಿಗಳು ಹಳೇಬೀಡಿನಲ್ಲಿ ಕರುಳು ಬಗೆಯುವ ಉಗ್ರನನ್ನು ಕಡೆದರು. ಭದ್ರಾವತಿಯಲ್ಲಿಯೋ ಅವನು ಲಕ್ಷ್ಮೀಸಮೇತನಾಗಿ ಶಾಂತನಾಗಿ ಕುಳಿತಿದ್ದಾನೆ. ಉಗ್ರವೂ ಶಾಂತವೂ ಒಂದೇ ದೇವನ ಎರಡು ಮುಖಗಳೆಂದು ಅವರು ಬಲ್ಲರು. ಚಿತ್ರವು ಒಂದು ಮುಖವನ್ನು ಬೃಹದಾಕಾರವಾಗಿ ಬರೆದು, ಇನ್ನೊಂದಕ್ಕೆ ಬಣ್ಣವನ್ನು ಉಳಿಸಿಕೊಳ್ಳಲಿಲ್ಲ.

ಇನ್ನು ಭಾಷೆಯ ಮಾತು. ಚಿತ್ರದ ಮೂಲವು ಹಿಂದಿ. ಕನ್ನಡವು ಡಬ್ಬಿಂಗಿನ ಮೂಲಕ ಬಂದ ಅತಿಥಿ. ಡಬ್ಬಿಂಗನ್ನು ಕನ್ನಡನಾಡು ಬಹುಕಾಲ ಬಾಗಿಲಲ್ಲೇ ತಡೆದಿತ್ತು. 2015ರಲ್ಲಿ ಸ್ಪರ್ಧಾ ಆಯೋಗವು ಆ ತಡೆಯು ಸಲ್ಲದೆಂದು ತೀರ್ಪಿತ್ತಿತು. ಮಕ್ಕಳ ಮಟ್ಟಿಗೆ ಆ ತೀರ್ಪು ಒಳಿತನ್ನೇ ಮಾಡಿತೆಂದು ನಮ್ಮ ಅಭಿಪ್ರಾಯ; ತಿಳಿಯದ ಭಾಷೆಯಲ್ಲಿ ಬೊಂಬೆಗಳ ಬಾಯಾಟವನ್ನು ನೋಡುವುದಕ್ಕಿಂತ ಕನ್ನಡದ ಮಾತನ್ನು ಕೇಳುವುದು ಲೇಸು. ಆದರೆ ತುಟಿಗಳು ಇನ್ನೊಂದು ಭಾಷೆಗೆ ಅಲುಗುತ್ತಿರುವಾಗ ಕನ್ನಡದ ವಾಕ್ಯವನ್ನು ಅಳತೆಗೆ ಕತ್ತರಿಸಿ ತುರುಕಬೇಕಾಗುವುದು. ಅನಿಮೇಷನ್ನಿನಲ್ಲಿ ತುಟಿಯೂ ಬರೆದದ್ದೇ ಅಲ್ಲವೆ? ಕನ್ನಡಕ್ಕೆಂದು ಅದನ್ನು ಬೇರೆಯಾಗಿ ಬರೆಯುವುದು ಖರ್ಚಿನ ಮಾತೇ ಹೊರತು ಅಸಾಧ್ಯದ ಮಾತಲ್ಲ. ಕನ್ನಡನಾಡಿನ ಸಂಸ್ಥೆಯೇ ಮುಂದೆ ನಿಂತಿರುವಾಗ ಈ ಖರ್ಚನ್ನು ಕೇಳುವ ಹಕ್ಕು ನಮಗುಂಟು. ಇದೇ ಜಿಲ್ಲೆಯ ಕುಪ್ಪಳಿಯ ಕುವೆಂಪು ಅವರು ಬ್ರೌನಿಂಗ್ ಕವಿಯ ಕಥೆಯನ್ನು ತೆಗೆದುಕೊಂಡು ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ಯನ್ನು ಮಾಡಿದಾಗ, ಅದು ಪರದೇಶದ ಸರಕೆಂದು ಯಾವ ಮಗುವಿಗೂ ತೋರಲಿಲ್ಲ.

ಪರಶುರಾಮನ ವಿಷಯದಲ್ಲಿ ನಮ್ಮ ಕಾತರವು ಹೆಚ್ಚು. ಏಕೆಂದರೆ ಆ ಕಥೆಯು ಇಲ್ಲಿಯದೇ. ಸೊರಬ ತಾಲ್ಲೂಕಿನ ಚಂದ್ರಗುತ್ತಿಯಲ್ಲಿ ಅವನ ತಾಯಿ ರೇಣುಕೆಯು ಪೂಜೆಗೊಳ್ಳುತ್ತಿದ್ದಾಳೆ. ತಂದೆಯ ಮಾತಿನಂತೆ ತಾಯಿಯ ತಲೆಯನ್ನು ಕಡಿದ ಕೊಡಲಿಯ ಕಲೆಯು ಎಲ್ಲಿ ತೊಳೆದರೂ ಹೋಗದೆ ತೀರ್ಥಹಳ್ಳಿಯ ತುಂಗೆಯಲ್ಲಿ ಹೋಯಿತೆಂದು ಸ್ಥಳಪುರಾಣವು ಹೇಳುವುದು. ಇಪ್ಪತ್ತೊಂದು ಸಲ ಕ್ಷತ್ರಿಯರನ್ನು ಸಂಹರಿಸಿದ್ದನ್ನು ತೆರೆಯ ಮೇಲೆ ತೋರಿಸಲು ಈ ತಂಡಕ್ಕೆ ಕಷ್ಟವೇನೂ ಆಗಲಾರದು. ಅದು ಅವರಿಗೆ ಕೈವಶವಾದ ವಿದ್ಯೆ. ಕೊಡಲಿಯನ್ನು ಹಿಡಿದು ತಾಯಿಯ ಮುಂದೆ ನಿಂತ ಮಗನ ಮುಖವನ್ನು ಹೇಗೆ ಬರೆಯುವರು ಎಂಬುದೇ ನಮ್ಮ ಪ್ರಶ್ನೆ. ಅಲ್ಲಿ ಅಂಟಿಸಿದ ಮುಗುಳ್ನಗೆಯು ಸಾಗದು, ಬರಿಯ ಕೋಪವೂ ಸಾಗದು. ಎಳ್ಳಮಾವಾಸ್ಯೆಯಂದು ತೀರ್ಥಹಳ್ಳಿಯಲ್ಲಿ ಮೀಯಲು ಬರುವ ಜನರು ನೆನೆಯುವುದು ಶತ್ರುಗಳ ರಕ್ತವನ್ನಲ್ಲ, ಆ ತೊಳೆಯಲಾರದ ಕಲೆಯನ್ನು. ಚಿತ್ರ ಬರೆಯುವವರು ಬೆಂಗಳೂರಿನಿಂದ ಒಂದು ರಾತ್ರಿಯ ಪಯಣ ಮಾಡಿ ಬಂದರೆ, ಹೊಳೆಯ ದಂಡೆಯಲ್ಲಿ ಯಾವ ಮುದುಕಿಯಾದರೂ ಅದನ್ನು ಅವರಿಗೆ ಹೇಳಿಯಾಳು.