ಪಂಪಿನ ಎಣ್ಣೆಯೊಳಗೆ ನಡೆಯುವುದೇನು?

ಭಟ್ಕಳ, ಹೊನ್ನಾವರ, ಕುಮಟಾ ತಾಲೂಕುಗಳ ಅಡಿಕೆ ಬೆಳೆಗಾರರಿಗೆ ಮಳೆಗಾಲದ ಹೊಳವು ಬಹು ಅಮೂಲ್ಯವಾದುದು. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯಲು ಸಿಗುವುದು ಆ ಕೆಲವೇ ತಾಸುಗಳು. ಕೊನೆಗೌಡ ಮರವೇರಿದ ಮೇಲೆ ಪಂಪು ಕೆಟ್ಟು ನಿಂತರೆ ಅಂದಿನ ಕೆಲಸ ಹೋದಂತೆಯೇ. ಆದರೂ ‘ಎಣ್ಣೆ ದಪ್ಪವಿದ್ದಷ್ಟೂ ಒಳ್ಳೆಯದು, ಕಪ್ಪಾದ ಮೇಲೆ ಬದಲಿಸಿದರಾಯಿತು’ ಎಂಬ ಮಾತು ನಮ್ಮಲ್ಲಿ ಇನ್ನೂ ಉಳಿದಿದೆ. ಅದು ಏಕೆ ಸರಿಯಲ್ಲವೆಂಬುದನ್ನು ಇಲ್ಲಿ ವಿಚಾರ ಮಾಡೋಣ.

ವೀಳ್ಯದೆಲೆಯ ಕಟ್ಟಿನ ಮೇಲೆ ಅಂಗೈಯಿಟ್ಟು ಮುಂದಕ್ಕೆ ತಳ್ಳಿದರೆ ಎಲೆಗಳು ಒಂದರ ಮೇಲೊಂದು ಜಾರುತ್ತವೆ. ಚಲಿಸುವ ಎರಡು ಲೋಹಗಳ ನಡುವೆ ಸಿಕ್ಕ ಕೀಲೆಣ್ಣೆಯ ಪದರಗಳೂ ಹೀಗೆಯೇ ಜಾರುತ್ತವೆ. ಇದಕ್ಕೆ ‘ಶಿಯರ್’ ಎಂದು ಹೆಸರು. ಆ ತೆಳುಪೊರೆಯೊಳಗೆ ಇಣುಕಿ ನೋಡುವುದು ಕಷ್ಟ. ಆದುದರಿಂದ ವಿಜ್ಞಾನಿಗಳು ಗಣಕಯಂತ್ರದಲ್ಲಿ ಎಣ್ಣೆಯ ಅಣುಗಳನ್ನೇ ರಚಿಸಿ, ನ್ಯೂಟನ್ನನ ಚಲನ ನಿಯಮದಂತೆ ಪ್ರತಿಯೊಂದರ ನಡೆಯನ್ನೂ ಲೆಕ್ಕ ಹಾಕುತ್ತಾರೆ.

ಈ ವಿಧಾನಕ್ಕೆ ಬುನಾದಿ ಹಾಕಿದವರಲ್ಲಿ ಹೈದರಾಬಾದಿನಲ್ಲಿ ಹುಟ್ಟಿದ ಅನೀಸುರ್ ರೆಹಮಾನರು ಪ್ರಮುಖರು. 1964ರಲ್ಲಿ ಅವರು ಅಮೆರಿಕದ ಆರ್ಗಾನ್ ಪ್ರಯೋಗಾಲಯದಲ್ಲಿ ದ್ರವರೂಪದ ಆರ್ಗಾನ್ ಅನಿಲದ 864 ಪರಮಾಣುಗಳ ಚಲನೆಯನ್ನು ಲೆಕ್ಕ ಹಾಕಿದರು. ಇಂತಹ ಲೆಕ್ಕಗಳ ಒಂದೊಂದು ಹೆಜ್ಜೆಯೂ ಸಾಮಾನ್ಯವಾಗಿ ಸೆಕೆಂಡಿನ ಹತ್ತು ಕೋಟಿ ಕೋಟಿಯಲ್ಲಿ ಒಂದು ಭಾಗದಷ್ಟು. ಹತ್ತು ಲಕ್ಷ ಹೆಜ್ಜೆ ಇಟ್ಟರೂ ಮುಗಿಯುವುದು ಸೆಕೆಂಡಿನ ನೂರು ಕೋಟಿಯಲ್ಲಿ ಒಂದು ಭಾಗ ಮಾತ್ರ! ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2022ರಲ್ಲಿ ಸ್ಥಾಪಿತವಾದ ‘ಪರಮ್ ಪ್ರವೇಗ’ದಂತಹ ಮಹಾಗಣಕಗಳು ಬೇಕಾಗುವುದು ಇಂತಹ ಲೆಕ್ಕಗಳಿಗಾಗಿಯೇ. ಅದರ ಶಕ್ತಿ ಸೆಕೆಂಡಿಗೆ ಸುಮಾರು 33 ಕೋಟಿ ಕೋಟಿ ಲೆಕ್ಕಗಳು.

ಈ ಲೆಕ್ಕದಿಂದ ತಿಳಿಯುವುದೇನು? ನಿಧಾನವಾಗಿ ಜಾರುವಾಗ ಎಣ್ಣೆಯ ಉದ್ದನೆಯ ಅಣುಗಳು ಸಿಕ್ಕುಗಟ್ಟಿದ ತೆಂಗಿನ ನಾರಿನಂತಿರುತ್ತವೆ. ವೇಗ ಹೆಚ್ಚಿದಂತೆ ಬಾಚಿದ ನಾರಿನ ಹಾಗೆ ಒಂದೇ ದಿಕ್ಕಿಗೆ ಸಾಲಾಗುತ್ತವೆ, ಎಣ್ಣೆ ತೆಳುವಾಗುತ್ತದೆ. ವೇಗ ಇಳಿದರೆ ಮೊದಲಿನಂತಾಗುತ್ತದೆ. ಆದರೆ 20ಡಬ್ಲ್ಯು-40ರಂತಹ ಎಣ್ಣೆಗಳಲ್ಲಿ ಬಿಸಿಗೆ ತೆಳುವಾಗದಿರಲೆಂದು ಬೆರೆಸುವ ಅತಿ ಉದ್ದದ ಸರಪಳಿ ಅಣುಗಳು ಈ ಎಳೆತಕ್ಕೆ ಕ್ರಮೇಣ ತುಂಡಾಗುತ್ತವೆ. ತುಂಡಾದದ್ದು ಮತ್ತೆ ಕೂಡದು. ಹೀಗಾಗಿ ನೋಡಲು ಚೆನ್ನಾಗಿಯೇ ಇರುವ ಎಣ್ಣೆಯೂ ಬಲಗುಂದಿರಬಹುದು.

ಗಣಕದಲ್ಲಿ ಅಣುಗಳನ್ನು ಜಾರಿಸುವ ವೇಗ ಸಾಮಾನ್ಯವಾಗಿ ನಿಜವಾದ ಯಂತ್ರಕ್ಕಿಂತ ಬಹಳ ಹೆಚ್ಚು. ಆದ್ದರಿಂದ ಯಂತ್ರದ ಮೇಲಿನ ಪರೀಕ್ಷೆಯೂ ಅಗತ್ಯವೇ.

ನಾವು ಕಲಿಯಬೇಕಾದುದು ಇಷ್ಟು. ಬಣ್ಣ ನೋಡಿ ಎಣ್ಣೆ ಬದಲಿಸದೆ, ಪಂಪು ಓಡಿದ ತಾಸು ಬರೆದಿಟ್ಟು, ಕೈಪಿಡಿಯ ಅವಧಿಗೆ ಬದಲಿಸಿರಿ. ಅದರಲ್ಲಿ ಹೇಳಿದ ದರ್ಜೆಯನ್ನೇ ಹಾಕಿರಿ. ವಿಪರೀತ ದಪ್ಪನೆಯ ಎಣ್ಣೆ ಸಂದಿಗಳಿಗೆ ಬೇಗ ತಲುಪದು. ಕೊಬ್ಬರಿ ಎಣ್ಣೆ ಬಾಗಿಲ ತಿರುಗಣಿಗೆ ಸಾಕು, ಎಂಜಿನ್ನಿಗೆ ಸಲ್ಲದು. ಚಳಿಗಾಲದ ಮುಂಜಾನೆ ಅದು ಗಟ್ಟಿಯಾಗುವುದನ್ನು ನಾವೆಲ್ಲ ಕಂಡಿದ್ದೇವೆ. ಎಣ್ಣೆ ಹಾಲಿನಂತೆ ಬೆಳ್ಳಗಾದರೆ ನೀರು ಸೇರಿದೆಯೆಂದು ತಿಳಿದು ತಕ್ಷಣ ಬದಲಿಸಿರಿ. ಮಳೆ ಹಿಡಿಯುವ ಮುನ್ನವೇ ಈ ಕೆಲಸ ಮುಗಿಸಿದರೆ ಹೊಳವಾದ ದಿನ ಪಂಪು ಕೈಕೊಡದು.